ಎಚ್‌ಐವಿ ರಿಸರ್ಚ್ ಮಾಡೋ ಡಾಕ್ಟ್ರು ನಮ್ಮ ಕಡೇನೂ ಉಳೀಬೇಕು

ಕೇಳುಗರಿಗೆಲ್ಲಾ ನಮಸ್ಕಾರ್ರೀ. ಎಚ್‌ಐವಿ ಅಂದ್ರ ಹಳೇ ಮಾತು, ಗುಳಿಗಿ ಬಂದಾವು, ಇನ್ನೇನು ಚಿಂತಿ ಅಂತ ಭಾಳ ಮಂದಿ ತಿಳ್ಕೊಂಡಾರ. ಗುಳಿಗಿ ಬಂದಿದ್ದು ಖರೇ. 2004ರ ಏಪ್ರಿಲ್‌ನಾಗ ಸರ್ಕಾರ ಪುಕ್ಕಟ ಎಆರ್‌ಟಿ, ಅಂದ್ರ ವೈರಸ್ ಹತ್ತಿಕ್ಕೋ ಗುಳಿಗಿ, ಕೊಡಾಕ ಶುರು ಮಾಡ್ತು, 2017ರಿಂದ ಪಾಸಿಟಿವ್ ಅಂತ ಗೊತ್ತಾದ ಕೂಡ್ಲೇ ಔಷಧ ಕೊಡ್ತಾರ, ದಿನಾ ತಪ್ಪದ ತೊಗೊಂಡ್ರ ಮಂದಿ ದುಡಕೊಂತ, ಮಕ್ಕಳ ಮದುವಿ ಮಾಡ್ಕೊಂತ ಆರಾಮ ಅದಾರ.

ಆದ್ರ ಪ್ರಶ್ನೆ ಮುಗದಿಲ್ರೀ. ಆಗ ಗುಳಿಗಿ ಶುರು ಮಾಡಿದವ್ರಿಗೆ ಈಗ ವಯಸ್ಸಾಗೇತಿ, ಶುಗರ್ ಬಂದೈತಿ, ಕಿಡ್ನಿ ನೋಡ್ಬೇಕು, ಎಲುಬು ನೋಡ್ಬೇಕು, ಜೊತೀಗೆ ಟಿಬಿ ಕಾಟ ಬ್ಯಾರೆ. ಅದೂ ಅಲ್ದ ಹೊರದೇಶದಾಗ ಹೆಚ್ಚು ಅಭ್ಯಾಸ ಆಗಿದ್ದು ಬಿ ಮಾದರಿ ವೈರಸ್ಸಿಂದು, ನಮ್ಮ ದೇಶದಾಗ ಇರೋದು ಬಹುತೇಕ ಸಿ ಮಾದರಿ. ನಮ್ಮ ಹುಬ್ಬಳ್ಳಿ ಸುತ್ತಿನ ರೋಣ, ಸವಣೂರು, ಕುಂದಗೋಳದ ಪೇಶಂಟ್ ಬಗ್ಗೆ ಇಲ್ಲೇ ಅಭ್ಯಾಸ ಮಾಡ್ಬೇಕು.

ಭಾರತದಾಗ ಎಚ್‌ಐವಿ ಮೊದಲು ಹೆಂಗ ಸಿಕ್ತು ಗೊತ್ತೇನ್ರೀ? 1986ರಾಗ ಮದ್ರಾಸ್ ಮೆಡಿಕಲ್ ಕಾಲೇಜಿನ ಸೆಲ್ಲಪ್ಪನ್ ನಿರ್ಮಲಾ ಅನ್ನೋ ಪಿಜಿ ವಿದ್ಯಾರ್ಥಿನಿ, ತಮ್ಮ ಗುರು ಡಾ. ಸುನೀತಿ ಸಾಲೊಮನ್ ಹೇಳಿದ್ರು ಅಂತ, ಥೀಸಿಸ್ ಸಲುವಾಗಿ ರಕ್ತದ ಸ್ಯಾಂಪಲ್ ಕೂಡಿಸಿದ್ರು. ಊರಾಗ ಟೆಸ್ಟಿಂಗ್ ಸೌಲಭ್ಯನ ಇರಲಿಲ್ಲ, ಮನೀ ಫ್ರಿಜ್‌ನಾಗ ಇಟ್ಟು, ರಾತ್ರಿ ಟ್ರೇನ್ ಹತ್ತಿ ವೆಲ್ಲೂರಿಗೆ ಒಯ್ದ್ರು, ಅಲ್ಲಿ ಟೆಸ್ಟ್ ಮಾಡಿದಾಗ ಎಚ್‌ಐವಿ ಸಿಕ್ತು. ಸರ್ಕಾರಿ ಕಾಲೇಜಿನ ಒಬ್ಬ ಟೀಚರ್, ಒಬ್ಬಾಕಿ ವಿದ್ಯಾರ್ಥಿನಿ! ನನಗ ಈ ಸಂಗತಿ ನೆನಸಿದಾಗೆಲ್ಲಾ ಎದಿ ತುಂಬಿ ಬರ್ತೈತಿ.

ಇವತ್ತು ಹಂಗ ಫ್ರಿಜ್ ನಂಬಿ ಕುಂಡ್ರಾಕ ಆಗೂದಿಲ್ಲ. ರಕ್ತದಾಗ ವೈರಸ್ ಎಷ್ಟೈತಿ ಅಂತ ನೋಡೋ ವೈರಲ್ ಲೋಡ್ ಟೆಸ್ಟಿಗೆ ತಗದ ರಕ್ತಾನ ಒಂದ್ ದಿನದೊಳಗ ಸೆಂಟ್ರಿಫ್ಯೂಜ್ ಅನ್ನೋ ಗರಗರ ತಿರುಗೋ ಮಷೀನಿನಾಗ ತಿರುವಿ ಮ್ಯಾಲಿನ ಹಳದಿ ಪ್ಲಾಸ್ಮಾ ಅಷ್ಟ ಸಣ್ಣ ಟ್ಯೂಬಿಗೆ ತಗೀಬೇಕು, ಹೆಸರಿಲ್ಲದ ಬರೇ ನಂಬರ್ ಹಚ್ಚಬೇಕು, ವರ್ಷಗಟ್ಟಲೆ ಇಡೋದಿದ್ರ ಮೈನಸ್ 80 ಡಿಗ್ರಿ ಫ್ರೀಜರ್ ಬೇಕು, ಕರೆಂಟ್ ಹೋದ್ರ ಜನರೇಟರ್ ಬೇಕು, ರಾತ್ರಿ ಅಲಾರಾಂ ಹೊಡಕೊಂಡ್ರ ಎದ್ದು ಓಡಿ ಬರೋ ಟೆಕ್ನಿಷಿಯನ್ ಬೇಕು. ಆ ಟೆಕ್ನಿಷಿಯನ್ ವರ್ಷ ವರ್ಷ ಕಾಂಟ್ರಾಕ್ಟ್ ಮ್ಯಾಲ ಇದ್ರ ಎಷ್ಟು ದಿನ ಇದ್ದಾನು? ಕಲತಿದ್ದೆಲ್ಲಾ ಅವನ ಜೊತೀಗೆ ಹೋಗಿಬಿಡ್ತೈತಿ.

ಟೀಚರ್‌ಗಳ ಪಾಡೂ ಹಂಗ. ಅಸಿಸ್ಟೆಂಟ್ ಪ್ರೊಫೆಸರ್ ಮುಂಜಾನೆ ಒಪಿಡಿ ನೋಡ್ಬೇಕು, ಕ್ಲಾಸ್ ತೊಗೋಬೇಕು, ಇಂಟರ್ನಲ್ ಪೇಪರ್ ತಿದ್ದಬೇಕು, ಬಡ್ತಿಗೆ ಮತ್ತ ರಿಸರ್ಚ್ ಪೇಪರ್ ತೋರಸ್ಬೇಕು. ಇಷ್ಟರಾಗ ಐದು ವರ್ಷ ಪೇಶಂಟ್‌ಗಳ ಬೆನ್ನ ಹತ್ತಿ ಮಾಡೋ ಅಭ್ಯಾಸ ಯಾರು ಕೈಗೆತ್ಕೊಂತಾರ್ರೀ, ಲಗೂನ ಮುಗಿಯೋ ಸಣ್ಣ ವಿಷಯ ಆರಿಸ್ಕೊಂತಾರ, ಅದು ಅವ್ರ ತಪ್ಪಲ್ಲ. ಅಂಥವ್ರಿಗೆ ವಾರದಾಗ ಎರಡು ದಿನ ರಿಸರ್ಚಿಗೇ ಅಂತ ಬಿಟ್ಟುಕೊಡ್ರಿ, ಪುಣೆಯಾಗಿರೋ ಕೇಂದ್ರ ಸರ್ಕಾರದ ಏಡ್ಸ್ ಸಂಶೋಧನಾ ಸಂಸ್ಥೆಯಂಥಾ ಕಡೆ ಟ್ರೇನಿಂಗಿಗೆ ಕಳಸ್ರಿ, ತಿರುಗಿ ಬಂದ ಮ್ಯಾಲ ಕುರ್ಚಿ ಹಂಗ ಇರ್ತೈತಿ ಅಂತ ಬರದು ಕೊಡ್ರಿ.

1957ರಾಗ ಶುರುವಾದ, ಮಂದಿ ಕಿಮ್ಸ್ ಅನ್ನೋ ನಮ್ಮ ಹುಬ್ಬಳ್ಳಿ ಸರ್ಕಾರಿ ಮೆಡಿಕಲ್ ಕಾಲೇಜ್ ಐತಿ, ಗದಗಿನಾಗ, ಹಾವೇರಿಯಾಗ ಸರ್ಕಾರಿ ಮೆಡಿಕಲ್ ಕಾಲೇಜ್ ಬಂದಾವು, ತಾಸು-ಒಂದೂವರೆ ತಾಸಿನ ಹಾದಿ. ಮೂರೂ ಕೂಡಿ ಒಂದ ಸ್ಯಾಂಪಲ್ ಬ್ಯಾಂಕ್, ಪೇಶಂಟ್ ಹಕ್ಕು ಕಾಯೋ ಒಂದ ಎಥಿಕ್ಸ್ ವ್ಯವಸ್ಥೆ ಮಾಡ್ಕೋಬಹುದು. ಗುರುತಿನವ್ರು ನೋಡ್ಯಾರು ಅಂತ ಹತ್ರದ ದವಾಖಾನಿ ಬಿಟ್ಟು ಫಸ್ಟ್ ಬಸ್ಸಿಗೆ ದೂರ ಹೋಗೋ ಪೇಶಂಟ್ ಇನ್ನೂ ಅದಾರ, ಅವ್ರ ಗುಟ್ಟು ಕಾಯೋದು 2017ರ ಎಚ್‌ಐವಿ ಕಾಯ್ದೆ ಪ್ರಕಾರ ನಮ್ಮ ಜವಾಬ್ದಾರಿ. ಅವ್ರು ಒಪ್ಪಿ ಕೈ ಮುಂದ ಮಾಡಿದ್ರನ ರಿಸರ್ಚ್.

ಬಜೆಟ್ ಮಾಡೋವ್ರಿಗೆ ಕೈಮುಗದು ಕೇಳ್ತೀನಿ, ಮಷೀನಿನ ರೊಕ್ಕ ಬರಿಯೋ ಹಾಳ್ಯಾಗ, ಅದನ್ನ ನಡಸೋ ಮಂದಿ ಪಗಾರಾನೂ ಬರೀರಿ. ನಮಸ್ಕಾರ.