ಸೊನ್ನೆ ಬರೆಯಿರಿ

ನಮಸ್ಕಾರ. ಹಕ್ಕಿ ನೋಡಿಕೊಂಡು ಓಡಾಡಿದರೆ ಹೊಟ್ಟೆ ತುಂಬುತ್ತಾ ಅಂತ ನಮ್ಮಮ್ಮ ಕೇಳುತ್ತಿದ್ದರು. ತುಂಬಿದೆ, ಹಕ್ಕಿಗಳ ಅಧ್ಯಯನವೇ ನನ್ನ ಕೆಲಸ. ಆದರೆ ಬೈನಾಕ್ಯುಲರ್ ಹಿಡಿದದ್ದಕ್ಕಿಂತ ಕಂಪ್ಯೂಟರ್ ಮುಂದೆ ಕೂತದ್ದೇ ಜಾಸ್ತಿ. ಈಗ ಕೇಳುತ್ತಿರುವ ಪಿಯುಸಿ, ಡಿಗ್ರಿ ಮಕ್ಕಳಿಗೆ ನಾನು ಹೇಳುವುದು ಒಂದೇ. ಹಕ್ಕಿ ಕಾಣದ ದಿನವೂ ಬರೆಯಿರಿ. ಸೊನ್ನೆ ಅಂತ ಬರೆಯಿರಿ.

ಇದನ್ನು ಕಲಿತದ್ದು ಬೆಂಗಳೂರಿನ ಹೆಬ್ಬಾಳ ಕೆರೆಯಲ್ಲಿ. ಆಗ ಎಂ.ಎಸ್ಸಿ. ಓದುತ್ತಿದ್ದೆ. ಬೆಳಿಗ್ಗೆ ಆರಕ್ಕೆ ಏರಿ ಮೇಲೆ ನಿಂತು ಎಣಿಸಬೇಕು. ನನ್ನ ಪಾಲಿಗೆ ಬಂದದ್ದು ಹೆಜ್ಜಾರ್ಲೆ, ಅಂದರೆ ಪೆಲಿಕನ್. ಪುಣ್ಯಕ್ಕೆ ಗುಳುಮುಳುಕ ಅಲ್ಲ, ಅದು ಇಲ್ಲಿ ಮುಳುಗಿ ಅಲ್ಲೆಲ್ಲೋ ಏಳುತ್ತದೆ, ಒಂದನ್ನೇ ಮೂರು ಸಲ ಎಣಿಸಿಬಿಡುತ್ತೇವೆ. ತಿಂಗಳ ಮೊದಲೇ ಪುಟಗಳಿಗೆಲ್ಲ ತಾರೀಖು ಹಾಕಿಟ್ಟಿದ್ದೆ. ಹೆಜ್ಜಾರ್ಲೆ ಕಂಡ ದಿನ ಸಂಖ್ಯೆ. ಕಾಣದ ದಿನ ಪುಟ ಹಾಗೇ ಖಾಲಿ, ಇಲ್ಲದ್ದನ್ನು ಏನಂತ ಬರೆಯುವುದು, ಅಲ್ವಾ? ಆರು ತಿಂಗಳಾದ ಮೇಲೆ ನನ್ನ ಸೀನಿಯರ್ ಒಬ್ಬರು, ಅಕ್ಕ ಅಂತಿದ್ದೆ, ಇಬ್ಬನಿಗೆ ಉಬ್ಬಿಹೋಗಿದ್ದ ಆ ನೋಟ್‌ಬುಕ್ ತಿರುವಿದರು. ಒಂದು ಖಾಲಿ ಪುಟದ ಮೇಲೆ ಬೆರಳಿಟ್ಟರು. "ಏನೇ, ಇದು ಹೆಜ್ಜಾರ್ಲೆ ಬಾರದ ದಿನವೋ, ನೀನು ಹಾಸಿಗೆ ಬಿಟ್ಟು ಏಳದ ದಿನವೋ?" ನನಗೇ ಗೊತ್ತಿರಲಿಲ್ಲ! ನಡುವೆ ಜ್ವರ ಬಂದು ಮಲಗಿದ್ದೆ, ಯಾವ ವಾರ ಅಂತ ಮರೆತಿತ್ತು. ಆರು ತಿಂಗಳು ಚಳಿಯಲ್ಲಿ ನಿಂತದ್ದೆಲ್ಲ ನೀರಲ್ಲಿ ಹೋಮ.

ಸೊನ್ನೆ ಯಾಕೆ ಬೇಕು ಅಂದರೆ, ಹೂಳೆತ್ತಿ ಕೆರೆಯನ್ನು ಬಟ್ಟಲಿನ ಹಾಗೆ ಆಳ ಮಾಡಿದರೆ, ತೆಳುನೀರಲ್ಲಿ ನಡೆದು ಮೇಯುವ ಮೆಟ್ಟುಗಾಲು ಹಕ್ಕಿಗೆ ಕಾಲೂರಲು ಜಾಗ ಇರುವುದಿಲ್ಲ. ಅದು ಹೋಯಿತು ಅಂತ ತೋರಿಸಬೇಕಾದರೆ ಸೊನ್ನೆ ಬೇಕು. ಕಂಡ ಹಕ್ಕಿಗಳ ಪಟ್ಟಿ ದಾಖಲಿಸುವ ಇ-ಬರ್ಡ್ ಆ್ಯಪ್ ಕೊನೆಗೆ, ಗುರುತಿಸಿದ ಎಲ್ಲ ಹಕ್ಕಿಯನ್ನೂ ಹಾಕಿದಿರಾ ಅಂತ ಕೇಳುತ್ತದಲ್ಲ, ಅದೂ ಇದಕ್ಕೇ. ಹೌದು ಅಂದರೆ, ನೀವು ಬರೆಯದ ಹಕ್ಕಿಗೆ ಸೊನ್ನೆ ಅಂತ ಲೆಕ್ಕ. ಸುಮ್ನೆ ಹೌದು ಒತ್ತಬೇಡಿ, ದಮ್ಮಯ್ಯ.

ಸ್ಟುಡಿಯೋ ಗಾಜಿನಾಚೆಯಿಂದ ಮುಗಿಸಿ ಅಂತ ಸನ್ನೆ ಮಾಡುತ್ತಿದ್ದಾರೆ, ಬೇಗ ಹೇಳುತ್ತೇನೆ. ಸ್ಟಾಟಿಸ್ಟಿಕ್ಸ್ ಗಟ್ಟಿ ಮಾಡಿಕೊಳ್ಳಿ. ಆರ್ ಅಥವಾ ಪೈಥಾನ್, ಯಾವುದಾದರೂ ಒಂದು ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ. ವನ್ಯಜೀವಿ ಎಂ.ಎಸ್ಸಿ. ಬೇಕಾದರೆ ನಮ್ಮೂರಲ್ಲೇ ಎನ್‌ಸಿಬಿಎಸ್, ಅಂದರೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಇದೆ, ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲೂ ಇದೆ. ಸಂಬಳದ ಮಾತು ಇನ್ನೊಂದು ದಿನ.

ಎಂ.ಎಸ್ಸಿ. ಸೇರುವವರೆಗೆ ಕಾಯಬೇಡಿ. 1987ರಿಂದ ಪ್ರತಿ ಜನವರಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತಿದೆ, ಮನೆ ಹತ್ತಿರದ ಕೆರೆಗೆ ಹೋಗಿ ಸೇರಿಕೊಳ್ಳಿ. ಪೆನ್ ಬೇಡ, ಇಬ್ಬನಿಗೆ ಶಾಯಿ ಹರಡುತ್ತದೆ. ಪೆನ್ಸಿಲ್ ತನ್ನಿ.