ಅಂಗೈಯೊಳಗಿನ ದುರ್ಬೀನು

ಕೇಳುಗರಿಗೆ ನಮಸ್ಕಾರ.

ರಿಂಗ್ ರೋಡಿನ ಬಸ್ ಸ್ಟಾಪು. ಬಸ್ಸು ಬರುತ್ತಿರುವುದು ಕಾಣುತ್ತದೆ, ಬಣ್ಣವೂ ತಿಳಿಯುತ್ತದೆ. ಅದು 500-ಡಿಯೋ 500-ಸಿಯೋ ಎನ್ನುವುದು ಮಾತ್ರ ಬಾಗಿಲು ಮುಂದೆ ಬಂದು ನಿಲ್ಲುವ ತನಕ ಗೊತ್ತಾಗುವುದಿಲ್ಲ. ಕನ್ನಡಕ ಹಾಕಿದರೂ ದೃಷ್ಟಿ ಪೂರ್ತಿ ಸರಿಹೋಗದವರ, ಅಂದರೆ ಮಂದದೃಷ್ಟಿಯವರ, ನಿತ್ಯದ ಪಾಡು ಇದು. ಈ ಹೊತ್ತಿಗೆ ಒದಗುವ ಸಾಧನವೇ ಮಾನೋಕ್ಯುಲರ್: ಬೆರಳುದ್ದದ, ಒಂದೇ ಕಣ್ಣಿನ ದುರ್ಬೀನು.

ಅದರ ಮೈಮೇಲೆ 4×12, 6×16, 8×20 ಎಂದು ಬರೆದಿರುತ್ತದೆ. ಮೊದಲ ಅಂಕಿ, ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಜಾಸ್ತಿ ಪಟ್ಟಿನದೇ ಒಳ್ಳೆಯದೆಂದು ನೇರವಾಗಿ 8ಕ್ಕೋ 10ಕ್ಕೋ ಕೈಹಾಕುವವರೇ ಹೆಚ್ಚು. ಎಡವುವುದೂ ಅಲ್ಲೇ. ಪಟ್ಟು ಹೆಚ್ಚಿದಂತೆ ಕಾಣುವ ಜಾಗ ಕಿರಿದಾಗುತ್ತದೆ, ಕೈನಡುಕವೂ ಅಷ್ಟೇ ಪಟ್ಟು ಹಿಗ್ಗುತ್ತದೆ. 4 ಪಟ್ಟಿನದರಲ್ಲಿ ಸುಮಾರು 12 ಡಿಗ್ರಿ ನೋಟ ಸಿಗುತ್ತದೆ. 10 ಮೀಟರ್ ದೂರದಲ್ಲಿ ಅದು ಎರಡು ಮೀಟರಿಗೆ ತುಸು ಹೆಚ್ಚು, ಬಸ್ಸಿನ ಮುಖದ ಬಹುಪಾಲು. 8 ಪಟ್ಟಿನದರಲ್ಲಿ ಸುಮಾರು 7 ಡಿಗ್ರಿ, ಅದೇ ಬಸ್ಸಿನ ಅರ್ಧ ಮುಖ. ಬೋರ್ಡು ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಬಸ್ಸು ಹೊರಟೇಬಿಟ್ಟಿರುತ್ತದೆ.

ಎಷ್ಟು ಪಟ್ಟು ಬೇಕು? ಲೆಕ್ಕ ಸುಲಭ. ಕನ್ನಡಕ ಹಾಕಿ ನಿಮ್ಮ ದೃಷ್ಟಿ 6/60, ಅಂದರೆ ಸರಿಗಣ್ಣಿನವರು 60 ಮೀಟರಿನಿಂದ ಓದುವ ಅಕ್ಷರ ನಿಮಗೆ 6 ಮೀಟರಿನಿಂದ ಮಾತ್ರ ಕಾಣುತ್ತದೆ; ನಿಮಗೆ ಕಣ್ಣು ಪರೀಕ್ಷೆಯ ಪಟ್ಟಿಯ 6/15ರ ಸಾಲು ಓದಬೇಕು ಎಂದುಕೊಳ್ಳಿ. 60ನ್ನು 15ರಿಂದ ಭಾಗಿಸಿ: 4 ಪಟ್ಟು. ಇದು ಅಂದಾಜು ಅಷ್ಟೇ. ಕಣ್ಣಾಸ್ಪತ್ರೆಯ ಮಂದದೃಷ್ಟಿ ವಿಭಾಗದಲ್ಲಿ ಎರಡು ಮೂರು ಬಗೆಯದನ್ನು ಕೈಯಲ್ಲಿ ಹಿಡಿದು ನೋಡಿಯೇ ತೀರ್ಮಾನಿಸಬೇಕು. ಕೆಲಸ ನಡೆಯುವಷ್ಟು ಪಟ್ಟಿನಲ್ಲಿ ಅತಿ ಕಡಿಮೆಯದನ್ನೇ ಆರಿಸಿ. ರೆಟಿನೈಟಿಸ್ ಪಿಗ್ಮೆಂಟೋಸಾದಂಥ ಕಾಯಿಲೆಯಿಂದ ನೋಟದ ಸುತ್ತಳತೆಯೇ ತೀರಾ ಕುಗ್ಗಿದ್ದರೆ ಇದರ ಉಪಯೋಗ ಕಡಿಮೆ.

ಕೊಳ್ಳುವ ಮುನ್ನ ಒಂದು ಪರೀಕ್ಷೆ. ದುರ್ಬೀನನ್ನು ತೋಳುದ್ದ ದೂರ ಹಿಡಿದು ಬೆಳಕಿನ ಗೋಡೆಯತ್ತ ತಿರುಗಿಸಿ. ಕಣ್ಣಿಡುವ ಗಾಜಿನ ನಡುವೆ ಪುಟ್ಟ ಬೆಳಕಿನ ಬೊಟ್ಟು ಕಾಣಬೇಕು. 4×12ರಲ್ಲಿ ಅದರ ಅಗಲ, 12 ಭಾಗಿಸು 4, ಅಂದರೆ 3 ಮಿಲಿಮೀಟರ್. ಬೊಟ್ಟು ಗುಂಡಗಿರಬೇಕು, ಅಂಚು ಕತ್ತರಿಸಿದಂತಿದ್ದರೆ ಒಳಗೆ ಬೆಳಕು ಸೋರಿಹೋಗುತ್ತಿದೆ ಎಂದರ್ಥ. ಬೊಟ್ಟು ಕಾಣದಿದ್ದರೆ ಮನೆಯವರನ್ನು ಕೇಳಿ. ಇನ್ನು, 40×60 ಎಂದು ಮುದ್ರಿಸಿದ ಅಗ್ಗದ ಮಾಲು ನಿಜಕ್ಕೂ 40 ಪಟ್ಟು ತೋರಿಸುತ್ತಿದ್ದರೆ ಕೈಯಲ್ಲಿ ಹಿಡಿದು ನೋಡಲು ಸಾಧ್ಯವೇ ಇರುತ್ತಿರಲಿಲ್ಲ! ಎಷ್ಟು ಹತ್ತಿರದ ತನಕ ಫೋಕಸ್ ಆಗುತ್ತದೆ ಎಂದೂ ಕೇಳಿ. ಮಂದದೃಷ್ಟಿಗೆಂದೇ ಮಾಡಿದ ಎಷ್ಟೋ ಮಾನೋಕ್ಯುಲರುಗಳು 30 ಸೆಂಟಿಮೀಟರ್ ಹತ್ತಿರದ್ದನ್ನೂ ತೋರಿಸುತ್ತವೆ. 5 ಮೀಟರಿನಾಚೆ ಮಾತ್ರ ಫೋಕಸ್ ಆಗುವಂಥದ್ದಾದರೆ ದರ್ಶಿನಿಯ ಕ್ಯಾಷ್ ಕೌಂಟರಿನ ಹಿಂದಿನ ತಿಂಡಿ ಪಟ್ಟಿಯೂ ಓದಲಾಗದು.

ಈಗ ಬಳಕೆ. ಎರಡು ಕಣ್ಣುಗಳಲ್ಲಿ ಹೆಚ್ಚು ಚೆನ್ನಾಗಿ ಕಾಣುವ ಕಣ್ಣಿಗೆ, ಅದೇ ಬದಿಯ ಕೈಯಿಂದ ಹಿಡಿಯಿರಿ. ಹೆಬ್ಬೆರಳು ತೋರುಬೆರಳು ಕಣ್ಣಿನ ಕಡೆಯ ತುದಿಯನ್ನು ಉಂಗುರದಂತೆ ಸುತ್ತಬೇಕು, ಬೆರಳು ಕೆನ್ನೆಮೂಳೆಗೆ ಒರಗಬೇಕು, ಮೊಣಕೈ ಪಕ್ಕೆಗೆ ಅಂಟಿರಬೇಕು. ಕನ್ನಡಕದಲ್ಲಿ ಸಿಲಿಂಡರ್ ಪವರ್ (ಅಸ್ಟಿಗ್ಮಾಟಿಸಂ ಸರಿಪಡಿಸುವ ಪವರ್) ಹೆಚ್ಚಿದ್ದರೆ ಕನ್ನಡಕ ತೆಗೆಯದೆ, ದುರ್ಬೀನಿನ ರಬ್ಬರ್ ಅಂಚನ್ನು ಹಿಂದಕ್ಕೆ ಮಡಚಿ ಕನ್ನಡಕದ ಗಾಜಿಗೆ ತಾಗಿಸಿ. ದುರ್ಬೀನಿನ ಗಾಜು ಕಣ್ಣಿಗೆ ಹತ್ತಿರವಾದಷ್ಟೂ ಕಾಣುವ ಜಾಗ ಹೆಚ್ಚು.

ಮೊದಲ ವಾರ ಬೀದಿಗೆ ಒಯ್ಯಬೇಡಿ. ಕುರ್ಚಿಯಲ್ಲಿ ಕೂತು, ಮೂರು ಮೀಟರ್ ದೂರದ ಗೋಡೆ ಕ್ಯಾಲೆಂಡರಿನ ದಪ್ಪ ತಾರೀಖುಗಳನ್ನು ನೋಡಿ. ಮೊದಲು ಬರಿಗಣ್ಣಿನಿಂದ ಕ್ಯಾಲೆಂಡರ್ ಇರುವ ಜಾಗ ಗುರುತಿಸಿ, ತಲೆ ಅಲ್ಲಾಡಿಸದೆ ದುರ್ಬೀನನ್ನು ಕಣ್ಣಿಗೆ ತನ್ನಿ. ಕೊಳವೆಯನ್ನು ನಿಧಾನವಾಗಿ ತಿರುಗಿಸಿ: ವಸ್ತು ಹತ್ತಿರವಿದ್ದಷ್ಟೂ ಕೊಳವೆ ಉದ್ದವಾಗಬೇಕು, ದೂರವಿದ್ದಷ್ಟೂ ಗಿಡ್ಡ. ಚೆನ್ನಾಗಿ ಕಂಡಮೇಲೂ ಸ್ವಲ್ಪ ಮುಂದಕ್ಕೆ ತಿರುಗಿಸಿ, ಮತ್ತೆ ಹಿಂದಕ್ಕೆ ತನ್ನಿ. ಅತಿ ಸ್ಪಷ್ಟವಾದ ಜಾಗ ಹಾಗೇ ಸಿಕ್ಕುವುದು. ಹತ್ತು ನಿಮಿಷ ಸಾಕು, ಕಣ್ಣು ದಣಿಯುತ್ತದೆ.

ಅಡ್ಡರಸ್ತೆಯ ನಾಮಫಲಕ ಹುಡುಕುವಾಗ ಗಾಳಿಯಲ್ಲಿ ತಡಕಾಡಬೇಡಿ. ನಿಂತಲ್ಲೇ ನೋಟವನ್ನು ಫುಟ್‌ಪಾತಿನ ಅಂಚು ಹಿಡಿದು ಕಂಬದ ಬುಡದ ತನಕ ಒಯ್ಯಿರಿ, ಅಲ್ಲಿಂದ ಕಂಬದುದ್ದಕ್ಕೂ ಮೇಲೇರಿಸಿ ಫಲಕ ಮುಟ್ಟಿಸಿ. ಬಸ್ ಸ್ಟಾಪಿನಲ್ಲಾದರೆ ಬಸ್ಸು ಕಾಣಿಸಿಕೊಳ್ಳುವ ಮೊದಲೇ ಸುಮಾರು ಅಷ್ಟೇ ದೂರದ ಮರಕ್ಕೋ ಅಂಗಡಿ ಬೋರ್ಡಿಗೋ ಫೋಕಸ್ ಮಾಡಿಟ್ಟುಕೊಳ್ಳಿ. ಕಂಬಕ್ಕೆ ಹೆಗಲು ಒರಗಿಸಿ ನಿಂತರೆ ನಡುಕ ಕಡಿಮೆ. ಎಲ್‌ಇಡಿ ಬೋರ್ಡಿನಲ್ಲಿ ಅಕ್ಷರ ಸರಿಯುತ್ತಿದ್ದರೆ ಅದರ ಹಿಂದೆ ಓಡಬೇಡಿ. ಒಂದೇ ಕಡೆ ಹಿಡಿದುಕೊಂಡು ನಂಬರು ಮರಳಿ ಬರಲು ಬಿಡಿ. ಫೋನ್ ಕ್ಯಾಮೆರಾ ಜೂಮ್ ಮಾಡಿದರೆ ಸಾಲದೇ ಎನ್ನುವವರಿದ್ದಾರೆ. ಮೋಡದ ದಿನ ಸಾಕು. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಪರದೆಯೇ ಕಾಣದು.

ಕಣ್ಣಿಗಿಟ್ಟುಕೊಂಡು ಒಂದು ಹೆಜ್ಜೆಯೂ ನಡೆಯಕೂಡದು, ರಸ್ತೆ ದಾಟಕೂಡದು. ದೂರದ ವಾಹನ ಹತ್ತಿರವಿದ್ದಂತೆ ಕಾಣುತ್ತದೆ, ಪಕ್ಕದಿಂದ ಬರುವ ಸ್ಕೂಟರು ಕಾಣುವುದೇ ಇಲ್ಲ. ಸೂರ್ಯನತ್ತ ತಿರುಗಿಸಿದರೆ ಉಳಿದ ದೃಷ್ಟಿಯೂ ಹೋದೀತು.

ದಾರವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಿ. ಗಾಜಿನ ಮೇಲೆ ಧೂಳಿದ್ದರೆ ಮೊದಲು ಗಾಳಿ ಊದುವ ಬಲ್ಬಿನಿಂದ ಹಾರಿಸಿ, ಆಮೇಲೆ ಮೈಕ್ರೋಫೈಬರ್ ಬಟ್ಟೆ. ಸೆರಗು, ಅಂಗಿಯ ತುದಿಯಿಂದ ಉಜ್ಜಿದರೆ ಮೆಟ್ರೋ ಕಾಮಗಾರಿಯ ಮರಳಿನ ಕಣವೇ ಗೀರು ಎಳೆಯುತ್ತದೆ. ಎಸಿ ಮೆಟ್ರೋ ಬೋಗಿಯಿಂದ ಮಳೆಗಾಲದ ಹೊರಗಾಳಿಗೆ ಬಂದೊಡನೆ ಗಾಜು ಮಂಜಾದರೆ ಒರೆಸಬೇಡಿ, ಎರಡು ನಿಮಿಷ ಬಿಡಿ, ತಾನೇ ಆರುತ್ತದೆ. ಮಂಜು ಒಳಗಡೆಯೇ ಕಂಡರೆ ತಿರುಪು ಬಿಚ್ಚಲು ಹೋಗದೆ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಮುಚ್ಚಿ ಒಂದೆರಡು ದಿನ ಇಡಿ.

ನಮಸ್ಕಾರ.