ಚೀಲ ಇಳಿಸುವ ಮೊದಲು ಬಚ್ಚಲು ನೋಡಿ

ನಮಸ್ಕಾರ. ಮಡಿಕೇರಿಯ ಬಾಡಿಗೆ ಮನೆಯ ಬಚ್ಚಲು ತೋರಿಸಿದ ಕಳೆದ ಸಂಚಿಕೆಗೆ ಒಬ್ಬ ವೀಕ್ಷಕರು, "ನೀವು ರಜೆ ಕಳೆಯಲು ಹೋದದ್ದೋ, ಮನೆ ತಪಾಸಣೆಗೆ ಹೋದದ್ದೋ?" ಎಂದು ಬರೆದಿದ್ದಾರೆ. ತಪಾಸಣೆಗೇ ಹೋದದ್ದು ಸ್ವಾಮೀ. ಬಾಡಿಗೆ ಮನೆಗೆ ಕಾಲಿಟ್ಟ ಕೂಡಲೇ, ಚೀಲ ಇಳಿಸುವ ಮೊದಲು, ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದೆಯೇ, ಇದ್ದರೆ ಗಾಳಿಯಾಡಲು ದಾರಿಯಿದೆಯೇ ಎಂದು ನೋಡಲೇಬೇಕು.

ಡಿಸೆಂಬರಿನಲ್ಲಿ ಬದಿಯಡ್ಕದಿಂದ ಹೊರಟು, ಸಂಪಾಜೆ ಘಾಟಿ ಹತ್ತಿ, ಮಡಿಕೇರಿಯ ಹತ್ತಿರ ಎರಡು ದಿನಕ್ಕೆ ಹಿಡಿದ ಆ ಮನೆಯ ಚಿತ್ರಗಳಲ್ಲಿ ಕಾಫಿ ತೋಟವಿತ್ತು, ಉಯ್ಯಾಲೆಯಿತ್ತು. ಬಚ್ಚಲು ಮಾತ್ರ ಇರಲಿಲ್ಲ. ಹೋಗಿ ನೋಡಿದರೆ ಗೀಸರ್ ಬಚ್ಚಲಿನ ಒಳಗೇ ಇದೆ, ಚಳಿ ಬರಬಾರದೆಂದು ಇದ್ದೊಂದು ಕಿಟಕಿಗೂ ಥರ್ಮಾಕೋಲ್ ಹೊಂದಿಸಿ ಟೇಪ್ ಅಂಟಿಸಿದ್ದಾರೆ. "ಇಷ್ಟರವರೆಗೆ ಯಾರಿಗೂ ಏನೂ ಆಗಿಲ್ಲ" ಎಂದರು ಮನೆಯ ಯಜಮಾನರು. ನಾನು ಟೇಪ್ ಕಿತ್ತೆ. ಹೆಂಡತಿ ನಾಚಿಕೆಯಿಂದ ಉಯ್ಯಾಲೆಯ ಕಡೆಗೆ ಹೋದಳು.

ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಕಡಿಮೆಯಾದಂತೆ ಅನಿಲ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದು ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ಬರುವುದು ತಲೆನೋವು, ವಾಕರಿಕೆ, ತಲೆಸುತ್ತು. ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡೇ ಬಂದ ಮಗುವಿಗೆ ಇವು ಬಂದರೆ ಯಾರಿಗೆ ಸಂಶಯ ಬಂದೀತು?

"ಗ್ಯಾಸಿಗೆ ವಾಸನೆ ಇಲ್ಲವೇ?" ಎನ್ನುವ ಪಂಡಿತರೇ, ಆ ವಾಸನೆ ಉರಿಯದ ಅಡುಗೆ ಅನಿಲಕ್ಕೆ, ಸೋರಿದರೆ ತಿಳಿಯಲೆಂದು ಬೆರೆಸಿದ್ದು. ಉರಿಯುವಾಗ ಹುಟ್ಟುವ ಈ ವಿಷಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ನಮ್ಮ ಸೋದರಮಾವನ ವಾದ ಬೇರೆ: ಹಂಡೆಯ ಒಲೆಗೆ ತೆಂಗಿನ ಮಡಲು ತುರುಕಿ ಅರುವತ್ತು ವರ್ಷ ಮಿಂದಿದ್ದೇವೆ, ಏನಾಯಿತು? ಮಾವಾ, ನಿಮ್ಮ ಬಚ್ಚಲುಕೊಟ್ಟಿಗೆಯ ಹಂಚಿನ ಸಂದಿಯಲ್ಲಿ ಆಕಾಶ ಕಾಣುತ್ತಿತ್ತು. ಮಳೆಗಾಲದಲ್ಲಿ ನೀವು ಬೈಯುತ್ತಿದ್ದ ಅದೇ ಸಂದಿಯಿಂದ ಹೊಗೆಯೂ ಹೋಗುತ್ತಿತ್ತು.

2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ, ಚಳಿಗೆ ಗ್ಯಾಸ್ ಹೀಟರ್ ಹಚ್ಚಿ, ಬಾಗಿಲು ಕಿಟಕಿ ಮುಚ್ಚಿ ಒಂದೇ ಕೋಣೆಯಲ್ಲಿ ಮಲಗಿದ ನಮ್ಮ ಕೇರಳದ ಎಂಟು ಮಂದಿ ಬೆಳಗ್ಗೆ ಪ್ರಜ್ಞೆಯಿಲ್ಲದೆ ಸಿಕ್ಕರು, ಯಾರೂ ಉಳಿಯಲಿಲ್ಲ. ಅವರಲ್ಲಿ ನಾಲ್ವರು ಮಕ್ಕಳು. ಈಗ ಹೇಳಿ, ತಪಾಸಣೆ ಹೆಚ್ಚಾಯಿತೇ?

ಮನೆ ಗೊತ್ತುಮಾಡುವಾಗಲೇ ಬಚ್ಚಲಿನ ಚಿತ್ರ ಕೇಳಿ. ಗೀಸರ್ ಒಳಗಿದ್ದರೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಮಕ್ಕಳನ್ನು ಮೀಯಲು ಬಿಡಿ. ಕಿಟಕಿ ತೆರೆದಿರಲಿ. ಚಳಿಯಾದರೆ ಚಳಿಯಾಗಲಿ! ಬೇಕಲ ಕೋಟೆಯ ಸಂಚಿಕೆಗೆ ಬಂದ ಲೈಕ್‌ಗಳಲ್ಲಿ ಕಾಲಂಶವೂ ನನ್ನ ಬಚ್ಚಲಿಗೆ ಬರಲಿಲ್ಲ, ಬರದಿದ್ದರೂ ಚಿಂತೆಯಿಲ್ಲ; ಚಂದಾದಾರರಾಗದವರು ಇವತ್ತಾದರೂ ಆಗಿ, ಆದರೆ ಬಚ್ಚಲು ನೋಡಿ. ಏನು ಬೇಕಾದರೂ ಬರೆಯಿರಿ, ಬಚ್ಚಲು ನೋಡಿ ಬಂದು ಬರೆಯಿರಿ.

ಮುಂದಿನ ತಿಂಗಳು ವಯನಾಡಿಗೆ ಹೊರಟಿದ್ದೇವೆ. ನಾನು ಒಳಗೆ ಹೋಗಿ ಬರುವವರೆಗೆ ತಾನೂ ಮಕ್ಕಳೂ ಕಾರಿನಿಂದ ಇಳಿಯುವುದಿಲ್ಲ, ತಮಗೆ ಆ ನಾಚಿಕೆ ಬೇಡ ಎಂದು ಹೆಂಡತಿ ಈಗಲೇ ಷರತ್ತು ಹಾಕಿದ್ದಾಳೆ. ನನಗೆ ಬೇಕಾದದ್ದೂ ಅದೇ.